ದೂರ ಪ್ರಯಾಣಕ್ಕೆ ಮುಂಚೆ ಪೆಟ್ಟುಬಿದ್ದ ಚಕ್ರ: ನನ್ನ ಅನುಭವ

ಅಲಾಯ್ ಚಕ್ರಕ್ಕೆ, ಅಂದರೆ ಅಲ್ಯೂಮಿನಿಯಂ ಎರಕದ ಚಕ್ರಕ್ಕೆ, ಹೊಂಡದ ಪೆಟ್ಟು ಬಿದ್ದರೆ ಹೊರಗಿನಿಂದ ನೋಡಿ ಏನೂ ಆಗಿಲ್ಲ ಅಂತ ತೀರ್ಮಾನ ಮಾಡಬೇಡಿ. ಚಕ್ರ ಬಿಚ್ಚಿ. ಒಳಮುಖ ಮೇಲೆ ಬರುವ ಹಾಗೆ ನೆಲದ ಮೇಲೆ ಮಲಗಿಸಿ, ಅಂಚಿನ ಸುತ್ತ ಬೆರಳಾಡಿಸಿ ನೋಡಿ. ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಎಷ್ಟೋ ಜನ ಮಳೆಗಾಲ ಮುಗಿದ ಕೂಡಲೇ ಘಟ್ಟ ಹತ್ತಿ ಟೂರ್ ಹೊರಡುತ್ತಾರೆ. ಅವರಿಗೆ ಉಪಯೋಗ ಆಗಲಿ ಅಂತ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಸ್ವಿಫ್ಟ್, 15 ಇಂಚಿನ ಅಲಾಯ್, 185/65 ಟಯರ್. ದಸರೆ ರಜೆಯಲ್ಲಿ ಅಪ್ಪ, ಅಮ್ಮ, ಅಕ್ಕ, ಭಾವ ಎಲ್ಲ ಸೇರಿ ಹಂಪಿ, ಬಾದಾಮಿ ನೋಡಿ ಬರುವುದೆಂದು ಮಾತಾಗಿತ್ತು. ಹಂಪಿಗೇ ಇಲ್ಲಿಂದ ನಾನೂರು ಕಿಲೋಮೀಟರಿಗಿಂತ ಜಾಸ್ತಿ. ಹೊರಡಲು ಇನ್ನೂ ಸಮಯ ಇರುವಾಗ ಒಂದು ಸಂಜೆ ಮೊಗ್ರಾಲ್ ಹತ್ತಿರ ಹೈವೇ ಪಕ್ಕದ ಸರ್ವೀಸ್ ರಸ್ತೆಯಲ್ಲಿ ನೀರು ತುಂಬಿದ ಹೊಂಡಕ್ಕೆ ಮುಂದಿನ ಎಡ ಚಕ್ರ ಇಳಿಯಿತು. ಧಡ್ ಅಂತ ಸದ್ದು. ಇಳಿದು ನೋಡಿದರೆ ಗಾಳಿ ಇತ್ತು, ಹೊರಗಡೆ ಒಂದು ಗೀರೂ ಇರಲಿಲ್ಲ. ಬೆಳಿಗ್ಗೆ ಗೇಜ್ ಹಿಡಿದರೆ ಉಳಿದ ಮೂರರಲ್ಲೂ 33 ಇದೆ, ಇದರಲ್ಲಿ ಮಾತ್ರ 27.

ಭಾವ ಹೇಳಿದ್ದು, "ಪಂಕ್ಚರ್ ಇರಬೇಕು ಮಾರಾಯ, ಒಂದು ಪ್ಲಗ್ ಹಾಕಿಸಿದ್ರೆ ಆಯ್ತಲ್ವಾ." ಪಂಕ್ಚರ್ ಆಗಿದ್ದರೆ ಹಾಗೇ ಮಾಡಬಹುದಿತ್ತು. ಆದರೆ ಪೆಟ್ಟು ಬಿದ್ದ ಮರುದಿನ ಗಾಳಿ ನಿಧಾನಕ್ಕೆ ಇಳಿದರೆ ಮೊದಲು ಅನುಮಾನ ಪಡಬೇಕಾದ್ದು ರಿಮ್ಮನ್ನೇ, ಅಂದರೆ ಟಯರ್ ಕೂರುವ ಲೋಹದ ಚಕ್ರವನ್ನೇ. ಟ್ಯೂಬ್‌ಲೆಸ್ ಟಯರಿನಲ್ಲಿ ಗಾಳಿ ನಿಲ್ಲುವುದು ಟಯರಿನ ಅಂಚು ರಿಮ್ಮಿಗೆ ಬಿಗಿಯಾಗಿ ಒತ್ತಿ ಕೂತಿರುವುದರಿಂದ. ರಿಮ್ ಸ್ವಲ್ಪ ಒಳಗೆ ಹೋದರೂ ಅಲ್ಲಿ ಸಂದಿ ಬೀಳುತ್ತದೆ.

ಅಂಗಳದಲ್ಲೇ ಜಾಕಿ ಹಾಕಿ ಚಕ್ರ ತೆಗೆದೆ. ಬಕೆಟಿನಲ್ಲಿ ಸೋಪಿನ ನೀರು ಕಲಸಿ ಟಯರಿನ ಮೈಮೇಲೆ, ವಾಲ್ವಿನ ಬುಡಕ್ಕೆ, ಆಮೇಲೆ ಒಳಬದಿಯ ಅಂಚಿಗೆ ಸುರಿದೆ. ಟಯರಿನಲ್ಲಿ ಏನೂ ಇಲ್ಲ, ವಾಲ್ವಿನಲ್ಲೂ ಇಲ್ಲ. ಒಳಬದಿಯ ಅಂಚಿನಲ್ಲಿ ಒಂದೇ ಕಡೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದು ಬಂದವು. ಅಲ್ಲಿ ಬೆರಳಿಟ್ಟರೆ ಅಂಚು ಒಂದು ಗೇಣಿನಷ್ಟು ಉದ್ದಕ್ಕೆ ಚಪ್ಪಟೆಯಾದದ್ದು ಸ್ಪಷ್ಟ ತಿಳಿಯುತ್ತಿತ್ತು.

ಪೆಟ್ಟು ಯಾಕೆ ಒಳಬದಿಗೇ ಹೆಚ್ಚು ತಾಗುತ್ತದೆ ಅಂದರೆ, ಹೊರಗಿನ ಅಂಚಿಗೆ ಕಡ್ಡಿಗಳ ಆಸರೆ ಹತ್ತಿರದಲ್ಲೇ ಇದೆ. ಒಳಗಿನ ಅಂಚು ಕಡ್ಡಿಗಳಿಂದ ದೂರ, ಬರೀ ತೆಳು ಗೋಡೆಯ ತುದಿ. ಗಾಡಿ ನಿಲ್ಲಿಸಿ ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಆ ಭಾಗ ಕಾಣುವುದೇ ಇಲ್ಲ.

ಸ್ಟೆಪ್ನಿ ಹಾಕಿಕೊಂಡು ಟಯರ್ ಅಂಗಡಿಗೆ ಹೋದೆ. ಅಲ್ಲಿ ಬ್ಯಾಲೆನ್ಸಿಂಗ್ ಮಿಷನ್ನಿಗೆ ಹಾಕಿದಾಗ ಉಳಿದ ಚಕ್ರಗಳಿಗೆ 10, 15 ಗ್ರಾಂ ಸಾಕೆಂದ ಮಿಷನ್ ಇದರ ಒಳಬದಿಗೆ 70 ಗ್ರಾಂ ಕೇಳಿತು. ಅಂಗಡಿಯ ಹುಡುಗ ಸೀಸದ ತುಂಡುಗಳನ್ನು ಎತ್ತಿಕೊಂಡೇ ಬಿಟ್ಟ. ಬೇಡ ಅಂದೆ. ದಯವಿಟ್ಟು ಇದನ್ನು ಗಮನಿಸಿ: ತೂಕ ಕಟ್ಟಿದರೆ ಮಿಷನ್ನಿನಲ್ಲಿ ಸೊನ್ನೆ ಬರುತ್ತದೆ, ಚಕ್ರ ಮಾತ್ರ ದುಂಡಗಾಗುವುದಿಲ್ಲ. ಮಿಷನ್ ಅಳೆಯುವುದು ತೂಕ ಯಾವ ಕಡೆ ಜಾಸ್ತಿ ಅನ್ನುವುದನ್ನು. ರಸ್ತೆಗೆ ತಾಗುವುದು ಚಕ್ರದ ಆಕಾರ. ಈ ಅಳತೆಯ ಟಯರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಗಂಟೆಗೆ 90ರ ವೇಗದಲ್ಲಿ ಚಕ್ರ ಸೆಕೆಂಡಿಗೆ 12–13 ಸುತ್ತು ತಿರುಗುತ್ತದೆ. ಅಷ್ಟು ಸಲ ಆ ಚಪ್ಪಟೆ ಜಾಗ ರಸ್ತೆಗೆ ಬಂದು ಹೋಗುತ್ತದೆ. ಮುಂದಿನ ಚಕ್ರವಾದರೆ ಸ್ಟೇರಿಂಗ್ ನಡುಗುತ್ತದೆ, ಹಿಂದಿನದಾದರೆ ಸಾಮಾನ್ಯವಾಗಿ ಸೀಟಿನಲ್ಲಿ ಗೊತ್ತಾಗುತ್ತದೆ. ನಮ್ಮೂರಿನ ತಿರುವು ರಸ್ತೆಗಳಲ್ಲಿ 40, 50ರಲ್ಲಿ ಹೋಗುವಾಗ ಏನೂ ತಿಳಿಯುವುದಿಲ್ಲ, ಚಿತ್ರದುರ್ಗ ದಾಟಿ ನಾಲ್ಕು ಪಥದ ರಸ್ತೆ ಸಿಕ್ಕಿ ವೇಗ ಏರಿದ ಮೇಲೆ ಶುರುವಾಗುತ್ತದೆ, ಅಷ್ಟು ಹೊತ್ತಿಗೆ ಮನೆಯಿಂದ ಮುನ್ನೂರು ಕಿಲೋಮೀಟರ್ ಆಚೆ ಇರುತ್ತೀರಿ.

ಆಕಾರ ನೋಡಲು ದೊಡ್ಡ ಉಪಕರಣ ಬೇಕಿಲ್ಲ. ಟಯರ್ ಕಳಚಿಸಿ ಬರೀ ರಿಮ್ಮನ್ನು ಮಿಷನ್ನಿನ ಮೇಲೆ ಹಾಕಿಸಿದೆ. ಒಂದು ಸ್ಕ್ರೂಡ್ರೈವರನ್ನು ಸ್ಟ್ಯಾಂಡಿಗೆ ಕಟ್ಟಿ, ಅದರ ತುದಿ ಅಂಚಿಗೆ ತಾಗಿಯೂ ತಾಗದಷ್ಟು ಹತ್ತಿರ ಇಟ್ಟು, ರಿಮ್ಮನ್ನು ಕೈಯಲ್ಲಿ ಮೆಲ್ಲ ತಿರುಗಿಸಿದೆವು. ಸರಿಯಾದ ರಿಮ್ಮಾದರೆ ನಡುವಿನ ಸಂದಿ ಸುತ್ತಲೂ ಒಂದೇ ಥರ ಇರಬೇಕು. ಇಲ್ಲಿ ಒಂದು ಕಡೆ ಅದು ತೆರೆದು ಮತ್ತೆ ಮುಚ್ಚಿಕೊಂಡಿತು. ಮೂರು ಮಿಲಿಮೀಟರಿಗೆ ಕಡಿಮೆ ಇರಲಿಲ್ಲ.

ಇಷ್ಟು ಬೆಂಡ್ ಆದರೆ ಪ್ರೆಸ್ಸಿನಲ್ಲಿ (ಲೋಹವನ್ನು ಒತ್ತುವ ಮಿಷನ್) ನಿಧಾನಕ್ಕೆ ತಳ್ಳಿ ಸರಿಮಾಡುವವರು ಮಂಗಳೂರಿನಲ್ಲಿದ್ದಾರೆ. ಸಣ್ಣ ಬೆಂಡಿಗೆ ಅದು ಒಪ್ಪುವ ದಾರಿಯೇ. ಆದರೆ ಅದಕ್ಕೆ ಮೊದಲು ಬಿರುಕು ಇದೆಯಾ ನೋಡಲೇಬೇಕು. ಹಳೇ ಗ್ಯಾರೇಜಿನವರು ಮಾಡುವ ಸೀಮೆಎಣ್ಣೆ, ಚಾಕ್ ಪುಡಿಯ ಪರೀಕ್ಷೆ ನಾನೂ ಮಾಡಿದೆ. ಬೆಂಡಾದ ಜಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ಮೇಲಿನ ಎಣ್ಣೆ ಪೂರ್ತಿ ಒರೆಸಿ ತೆಗೆದು ಚಾಕ್ ಪುಡಿ ಉದುರಿಸಿದೆ. ಬಿರುಕಿನೊಳಗೆ ಇಳಿದ ಎಣ್ಣೆ ಮೆಲ್ಲ ಹೊರಬಂದು ಪುಡಿಯನ್ನು ಒದ್ದೆ ಮಾಡುತ್ತದೆ. ಅಂಚಿನಿಂದ ಒಳಕ್ಕೆ ಕಿರುಬೆರಳಿನ ಉಗುರಿನಷ್ಟು ಉದ್ದದ ಕಪ್ಪು ಗೆರೆ ಮೂಡಿತು, ಕೂದಲಿನಷ್ಟು ಸಪೂರ. ಬರಿಗಣ್ಣಿಗೆ ಅದು ಪೈಂಟಿನ ಗೀರಿನಂತೆ ಕಾಣುತ್ತಿತ್ತು.

ಅಲ್ಲಿಗೆ ಆ ರಿಮ್ಮಿನ ಕಥೆ ಮುಗಿಯಿತು ಅಂತ ನಾನು ನಿಶ್ಚಯ ಮಾಡಿದೆ. ವೆಲ್ಡ್ ಮಾಡಿ ಕೊಡುತ್ತೇನೆ, ಗ್ಯಾರಂಟಿ ಅಂತ ಹೇಳಿದವರೂ ಇದ್ದರು. ದುಡ್ಡೂ ತುಂಬ ಕಮ್ಮಿ. ಒಪ್ಪದಿರಲು ಕಾರಣ ಇದೆ. ಅಲಾಯ್ ಚಕ್ರದ ಅಲ್ಯೂಮಿನಿಯಂಗೆ ಬಲ ಬರುವುದು ಎರಕ ಹೊಯ್ದ ಮೇಲೆ ಮಾಡುವ ಶಾಖದ ಹದದಿಂದ. ಸುಮಾರು 540 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 150 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಗ್ಯಾಸ್ ಬರ್ನರ್ ಹಿಡಿದು ಕಾಯಿಸಿದರೆ, ಇಲ್ಲಾ ವೆಲ್ಡಿಂಗ್ ಮಾಡಿದರೆ, ಆ ಜಾಗದ ಹದ ಹೋಗಿಬಿಡುತ್ತದೆ. ಹೊರಗೆ ಪೈಂಟ್ ಹೊಡೆದರೆ ಹೊಸದರ ಹಾಗೆ ಕಾಣುತ್ತದೆ, ಒಳಗೆ ಮೆತ್ತಗಾಗಿರುತ್ತದೆ. ಕಬ್ಬಿಣದ ಡಿಸ್ಕ್ ಆಗಿದ್ದರೆ ಅಂಚನ್ನು ಬಡಿದು ನೇರ ಮಾಡಿ ಧೈರ್ಯವಾಗಿ ಓಡಿಸುತ್ತಿದ್ದೆ, ಅದು ಬಾಗುವ ಲೋಹ. ಬಿರುಕುಬಿಟ್ಟ ಅಲಾಯನ್ನು ಅಪ್ಪ ಅಮ್ಮ ಕೂತ ಗಾಡಿಗೆ ಹಾಕಿ ಶಿರಾಡಿ ಹತ್ತಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಹೊಸದು. ಕಂಪನಿಯ ರಿಮ್ ಒಂದು ಟಯರಿಗಿಂತ ಜಾಸ್ತಿ ಬೀಳುತ್ತದೆ, ಸ್ಟಾಕ್ ಇಲ್ಲದಿದ್ದರೆ ಕಾಯಬೇಕು. ಗುಜರಿಯಲ್ಲಿ ಹಳೇದು ಸಿಗುತ್ತದೆ, ಆದರೆ ಅದನ್ನೂ ಇದೇ ಥರ ಮಿಷನ್ನಿಗೆ ಹಾಕಿ, ಚಾಕ್ ಪುಡಿ ಹಾಕಿ ನೋಡದೆ ತರಬಾರದು. ಹೊರಗಿನ ಕಂಪನಿಯದ್ದಾದರೆ ನಾಲ್ಕು ಬೋಲ್ಟ್ ಕೂತರೆ ಸಾಲದು. ನಮ್ಮ ಗಾಡಿಗೆ ನಾಲ್ಕು ತೂತು, ಅವು ಕೂರುವ ವೃತ್ತ 100 ಮಿಲಿಮೀಟರ್, ನಡುವೆ ಹಬ್ (ಚಕ್ರ ಕೂರುವ ಗಾಡಿಯ ಕಡೆಯ ಭಾಗ) ಹೊಗುವ ತೂತು 54.1. ಆ ನಡುವಿನ ತೂತು ದೊಡ್ಡದಿದ್ದರೆ ಚಕ್ರ ಹಬ್ಬಿನ ಮೇಲೆ ಸರಿಯಾಗಿ ನಡುವಿಗೆ ಕೂರುವುದಿಲ್ಲ, ಆಗ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗುವುದಿಲ್ಲ. ರಿಂಗ್ ಹಾಕಿ ಅದನ್ನು ಸರಿಮಾಡಬಹುದು, ಆದರೆ ಟೂರ್ ಹತ್ತಿರ ಇರುವಾಗ ಇಷ್ಟೆಲ್ಲ ತಲೆಬಿಸಿ ಬೇಡ ಅನಿಸಿ ಮಂಗಳೂರಿನಿಂದ ಕಂಪನಿಯದ್ದೇ ತರಿಸಿದೆ. ರಿಮ್ಮಿನ ಹಿಂಬದಿ ಎರಕದಲ್ಲೇ ಅಳತೆ ಬರೆದಿರುತ್ತದೆ: ಇಂಚು, ಜೆ ಅಕ್ಷರದ ಜೊತೆ ಅಗಲ, ಇಟಿ ಅನ್ನುವ ಅಕ್ಷರದ ಮುಂದೆ ಆಫ್‌ಸೆಟ್, ಅಂದರೆ ಹಬ್ಬಿಗೆ ತಾಗುವ ಮುಖ ರಿಮ್ಮಿನ ಅಗಲದ ನಡುಗೆರೆಯಿಂದ ಎಷ್ಟು ದೂರ ಅನ್ನುವುದು. ಹಳೇದರ ಫೋಟೋ ತೆಗೆದಿಟ್ಟು, ಹೊಸದು ಬಂದ ಕೂಡಲೇ ಹೋಲಿಸಿ ನೋಡಿ ಆಮೇಲೆ ದುಡ್ಡು ಕೊಟ್ಟೆ.

ಇನ್ಶೂರೆನ್ಸ್ ಬಗ್ಗೆ ಕೇಳುವವರಿಗೆ: ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಬರೀ ಟಯರ್ ಹಾಳಾದರೆ ಏನೂ ಸಿಗುವುದಿಲ್ಲ, ಗಾಡಿಗೂ ಅದೇ ಹೊತ್ತಿಗೆ ಪೆಟ್ಟಾಗಿದ್ದರೆ ಟಯರಿನ ಬೆಲೆಯ ಅರ್ಧ. ಒಂದು ರಿಮ್ಮಿಗಾಗಿ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ. 50 ಇರುತ್ತದೆ. ಲೆಕ್ಕ ಹಾಕಿ ನಾನು ಕೈಯಿಂದಲೇ ಕೊಟ್ಟೆ.

ಟಯರ್ ಕಳಚಿದ್ದಾಗ ಅದರ ಒಳಗೂ ಕೈಹಾಕಿ ಸುತ್ತಲೂ ಸವರಿ ನೋಡಿ. ಹೊಂಡದ ಪೆಟ್ಟಿಗೆ ಟಯರಿನ ಬದಿ ರಿಮ್ಮಿಗೂ ಹೊಂಡದ ಅಂಚಿಗೂ ಮಧ್ಯೆ ಸಿಕ್ಕಿ ಜಜ್ಜಿಹೋಗುತ್ತದೆ, ಒಳಗಿನ ನೂಲು ತುಂಡಾಗುತ್ತದೆ. ಹೊರಗೆ ಉಬ್ಬು ಕಾಣಿಸಿದರೆ ಅದಕ್ಕೆ ರಿಪೇರಿ ಇಲ್ಲ, ಬಿಸಾಡುವುದೇ. ನಮ್ಮ ಟಯರಿನಲ್ಲಿ ಒಳಗೆ ಗೀರಾಗಲಿ ಮಡಿಕೆಯಾಗಲಿ ಇರಲಿಲ್ಲ, ಗಾಳಿ ತುಂಬಿದ ಮೇಲೆ ಉಬ್ಬೂ ಬರಲಿಲ್ಲ. ಹಾಗಾಗಿ ಅದನ್ನೇ ಹೊಸ ರಿಮ್ಮಿಗೆ ಹಾಕಿಸಿದೆ, ವಾಲ್ವ್ ಮಾತ್ರ ಹೊಸದು.

ಚಕ್ರ ಬಿಚ್ಚಿರುವಾಗಲೇ ಅದರ ಹಿಂದಿನದ್ದನ್ನೂ ನೋಡಬೇಕು. ರಿಮ್ಮನ್ನೇ ಬಗ್ಗಿಸಿದ ಪೆಟ್ಟು ಅಲ್ಲಿಗೇ ನಿಂತಿರುತ್ತದೆ ಅಂತ ಏನು ಗ್ಯಾರಂಟಿ? ಚಕ್ರವನ್ನು ಗಾಡಿಗೆ, ಸ್ಟೇರಿಂಗಿಗೆ ಜೋಡಿಸುವ ಲೋವರ್ ಆರ್ಮ್, ಟೈ ರಾಡ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದೆಯಾ, ಎಲ್ಲ ಮೆಕ್ಯಾನಿಕ್ ಅಣ್ಣ ಜಾಕಿ ಮೇಲೆ ಅಲ್ಲಾಡಿಸಿ ನೋಡಿದರು. ಅವು ಸರಿ ಇದ್ದವು. ಅಲೈನ್‌ಮೆಂಟಿನಲ್ಲಿ ಮಾತ್ರ ಎಡ ಚಕ್ರದ ಟೋ (ಚಕ್ರದ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಕೋನ) ತಪ್ಪಿತ್ತು, ಸರಿಮಾಡಿಸಿದೆ. ಹಾಗೇ ಬಿಟ್ಟಿದ್ದರೆ ಹೋಗಿ ಬರುವಷ್ಟರಲ್ಲಿ ಟಯರಿನ ಒಂದು ಬದಿ ಸವೆದಿರುತ್ತಿತ್ತು.

ಫಿಟ್ ಮಾಡುವಾಗ ನಾನೇ ಪಕ್ಕದಲ್ಲಿ ನಿಂತೆ. ಹಬ್ಬಿನ ಮುಖದಲ್ಲಿ ತುಕ್ಕು ಕೂತಿತ್ತು, ನಮ್ಮ ಕರಾವಳಿಯಲ್ಲಿ ಎಲ್ಲ ಗಾಡಿಗೂ ಇರುವುದೇ. ತಂತಿ ಬ್ರಷ್ ಹಿಡಿದು ಅದನ್ನು ತಿಕ್ಕಿ ತೆಗೆಯದಿದ್ದರೆ ಹೊಸ ಚಕ್ರವೂ ಓರೆ ಕೂರುತ್ತದೆ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿಸಿದೆ, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಅಂದರೆ ಬಿಗಿ ಎಷ್ಟು ಅಂತ ಅಳೆಯುವ ಸ್ಪ್ಯಾನರಿನಲ್ಲಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ನಿಮ್ಮ ಗಾಡಿಯದ್ದು ಎಷ್ಟು ಅಂತ ಅದರ ಪುಸ್ತಕದಲ್ಲಿ ನೋಡಿ. ಗಾಳಿ ಗನ್ ಹಿಡಿದು ಟರ್ರ್ ಅಂತ ಕೊನೆವರೆಗೂ ಬಿಗಿ ಮಾಡಿದರೆ ಅದೇ ನಟ್ಟನ್ನು ಸಕಲೇಶಪುರದ ಮಳೆಯಲ್ಲಿ ಗಾಡಿಯ ಜೊತೆ ಬರುವ ಸ್ಪ್ಯಾನರಿನಲ್ಲಿ ಬಿಚ್ಚಲು ನಿಮ್ಮಿಂದ ಆಗುವುದಿಲ್ಲ.

ಇದೆಲ್ಲ ಹೊರಡುವ ಮುನ್ನಾದಿನ ಮುಗಿಯುವ ಹಾಗೆ ಇಟ್ಟುಕೊಳ್ಳಬೇಡಿ. ನಾನು ತಲಪಾಡಿ ದಾಟಿ ಸುರತ್ಕಲ್ ತನಕ ಸುಮ್ನೆ ಓಡಿಸಿಕೊಂಡು ಬಂದೆ, ಖಾಲಿ ಸಿಕ್ಕ ಕಡೆ 80, 90ರಲ್ಲಿ. ಸ್ಟೇರಿಂಗ್ ಅಲುಗಾಡಲಿಲ್ಲ. ಮನೆಗೆ ಬಂದು ಚಕ್ರ ತಣ್ಣಗಾದ ಮೇಲೆ ನಟ್‌ಗಳ ಬಿಗಿ ಮತ್ತೊಮ್ಮೆ ನೋಡಿದೆ. ಹೊಸ ಚಕ್ರ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ಇದನ್ನು ಮಾಡಲೇಬೇಕು. ಒಂದು ನಟ್ ಸ್ವಲ್ಪ ತಿರುಗಿತು.

ಸ್ಟೆಪ್ನಿ ಬಗ್ಗೆಯೂ ಹೇಳಬೇಕು. ನಮ್ಮದು 14 ಇಂಚಿನ ಕಬ್ಬಿಣದ್ದು, 165/80. ಗಾಬರಿ ಬೇಡ, ಟಯರಿನ ಒಟ್ಟು ಎತ್ತರ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, 62 ಸೆಂಟಿಮೀಟರಿನ ಹತ್ತಿರ. ಆದರೂ ಬೇರೆ ಅಳತೆಯ ಸ್ಟೆಪ್ನಿ ಹಾಕಿದಾಗ 80 ದಾಟಬಾರದು, ಪಂಕ್ಚರ್ ಹಾಕಿಸುವ ತನಕ ಮಾತ್ರ ಅದು. ಅದರಲ್ಲೂ ಗಾಳಿ ನೋಡಿ ತುಂಬಿಸಿದೆ. ಡಿಕ್ಕಿಯಲ್ಲಿ ಬ್ಯಾಗುಗಳನ್ನು ಇಡುವಾಗ ಜಾಕಿ, ಸ್ಪ್ಯಾನರ್ ಮೇಲೇ ಕೈಗೆ ಸಿಗುವ ಹಾಗೆ ಇಟ್ಟೆ. ಐದು ಜನ, ಸಾಮಾನು ಇರುವಾಗ ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ಅದನ್ನು ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ಹಾಕಿಸಬೇಕು.

ಪುತ್ತೂರು, ಉಪ್ಪಿನಂಗಡಿ, ಶಿರಾಡಿ, ಹಾಸನ, ಅರಸೀಕೆರೆ, ಹೊಸದುರ್ಗ, ಚಿತ್ರದುರ್ಗ ಆಗಿ ಹೊಸಪೇಟೆ ಮುಟ್ಟಿದೆವು. ದಿನಾ ಬೆಳಿಗ್ಗೆ ಗೇಜ್ ಹಿಡಿದೆ, ಗಾಳಿ ಕದಲಲಿಲ್ಲ. ಭಾವ ಬಾದಾಮಿಯಿಂದ ಹೊರಡುವಾಗ ತನ್ನ ಗಾಡಿಯ ಚಕ್ರಗಳನ್ನೂ ಬಿಚ್ಚಿ ನೋಡಬೇಕು ಅಂದರು. ಊರಿಗೆ ಬಂದ ಮೇಲೆ ನೋಡಿದೆವು, ಹಿಂದಿನ ಬಲದ್ದು ಒಳಗೆ ಸಣ್ಣಗೆ ಬೆಂಡಿತ್ತು, ಬಿರುಕಿರಲಿಲ್ಲ. ಅದನ್ನು ಪ್ರೆಸ್ಸಿಗೆ ಕಳಿಸಿದ್ದಾರೆ.

ನಮ್ಮ ಬಿರುಕಿನ ರಿಮ್ಮನ್ನು ಗುಜರಿಯವನಿಗೆ ಕೊಡುವ ಮೊದಲು ಕಟ್ಟರ್ ಮಿಷನ್ನಿನಲ್ಲಿ ಅಂಚನ್ನು ಎರಡು ಕಡೆ ಕತ್ತರಿಸಿಯೇ ಕೊಟ್ಟೆ. ಇಲ್ಲದಿದ್ದರೆ ಯಾರೋ ಅದನ್ನು ವೆಲ್ಡ್ ಮಾಡಿ, ಪೈಂಟ್ ಹೊಡೆದು, ಇನ್ಯಾರಿಗೋ ಮಾರುತ್ತಾರೆ.