ಹಯಸಿಂತ್ ಬಣ್ಣ ಆರಿಸುವ ಮುನ್ನ: ಬೆಂಗಳೂರಿನಿಂದ ನೆದರ್ಲೆಂಡ್ಸ್‌ಗೆ ಬಂದವರಿಗೆ

ಬೆಂಗಳೂರಿನವರಿಗೆ ಹಯಸಿಂತ್ ಎಂದೊಡನೆ ಬೆಳ್ಳಂದೂರು ಕೆರೆಯನ್ನು ಮುಚ್ಚಿದ ಕಳೆ ನೆನಪಾಗುವುದು ಸಹಜ. ಆದರೆ ಆ ವಾಟರ್ ಹಯಸಿಂತ್‌ಗೂ, ಇಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅರಳಿ ಸುಗಂಧರಾಜದಷ್ಟೇ ಗಾಢವಾಗಿ ಘಮಘಮಿಸುವ ಗೆಡ್ಡೆಯ ಹೂವಿಗೂ ನಂಟಿಲ್ಲ. ಗೆಡ್ಡೆಯನ್ನು ನೆಡುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಹೀಗಾಗಿ ಹೂ ಕಾಣುವುದಕ್ಕೆ ತಿಂಗಳುಗಟ್ಟಲೆ ಮೊದಲೇ, ಪೊಟ್ಟಣದ ಮೇಲಿನ ಚಿತ್ರವನ್ನು ನಂಬಿ ಬಣ್ಣವನ್ನು ತೀರ್ಮಾನಿಸಬೇಕಾಗುತ್ತದೆ.

ಆ ಚಿತ್ರ ಹೆಚ್ಚು ಮೋಸ ಮಾಡುವುದು ಕೆಂಪಿನಲ್ಲಿ. 'ಯಾನ್ ಬಾಸ್' ತಳಿಯನ್ನು ಕೆಂಪೆಂದೇ ಮಾರುತ್ತಾರೆ; ದಾಸವಾಳವನ್ನು ಮನಸ್ಸಿನಲ್ಲಿಟ್ಟುಕೊಂಡು ನೆಟ್ಟವರಿಗೆ ಸಿಗುವುದು ಕಡು ಗುಲಾಬಿಯತ್ತ ವಾಲಿದ ಬಣ್ಣ. 'ವುಡ್‌ಸ್ಟಾಕ್' ಬೀಟ್‌ರೂಟ್ ಪಲ್ಯದ ಬಣ್ಣದ್ದಾಗಿದ್ದು, ಒದ್ದೆ ಮಣ್ಣಿನ ಕಪ್ಪಿನಲ್ಲಿ ಮುಳುಗಿಹೋಗುತ್ತದೆ; ಪಕ್ಕದಲ್ಲಿ ಬಿಳಿಯ 'ಕಾರ್ನೆಗಿ' ಇದ್ದರೆ ಮಾತ್ರ ಎದ್ದು ಕಾಣುತ್ತದೆ. 1893ರಷ್ಟು ಹಳೆಯದಾದ 'ಸಿಟಿ ಆಫ್ ಹಾರ್ಲೆಮ್' ಹಳದಿಯೇ ಹೌದು, ಆದರೆ ಚೆಂಡುಹೂವಿನ ಹಳದಿಯಲ್ಲ, ಬೆಣ್ಣೆಯ ಹಳದಿ. ಕನಕಾಂಬರದ ಬಣ್ಣವನ್ನು ಹಂಬಲಿಸುವವರು 'ಜಿಪ್ಸಿ ಕ್ವೀನ್' ಹಾಕಿಕೊಳ್ಳಬಹುದು. ಕನಕಾಂಬರಕ್ಕೆ ತುಸು ಹಾಲು ಬೆರೆಸಿದಂತಿರುತ್ತದೆ. ಇಲ್ಲಿನ ಮೋಡದ ಬೆಳಕಿನಲ್ಲಿ ಕಡುಬಣ್ಣಗಳು ಮಂಕಾಗುವುದರಿಂದ, ಮೊದಲ ವರ್ಷ ನೆಡುವವರಿಗೆ ನಾನು ಹೇಳುವುದು ತಿಳಿನೀಲಿಯ 'ಡೆಲ್ಫ್ಟ್ ಬ್ಲೂ'. ಕಡುನೀಲಿಯ 'ಬ್ಲೂ ಜಾಕೆಟ್' ಕಿಟಕಿಯ ಬಳಿಯ ಕುಂಡಕ್ಕೆ ಸರಿ, ದೂರದಿಂದ ಅದರ ಚೆಲುವು ಕಾಣದು.

ಮಿಶ್ರಬಣ್ಣದ ಚೀಲವನ್ನು ಮಾತ್ರ ಕೊಳ್ಳಬೇಡಿ. ಅಗ್ಗವೆಂದು ನಾನೂ ಒಮ್ಮೆ ಕೊಂಡಿದ್ದೆ. ತಳಿಗಳು ಒಟ್ಟಿಗೆ ಅರಳದ ಕಾರಣ ಒಂದು ಬಾಡುವಾಗ ಇನ್ನೊಂದು ಮೊಗ್ಗಾಗಿ, ಪಾತಿ ಕೊನೆಯವರೆಗೂ ತುಂಬಲೇ ಇಲ್ಲ. ಒಂದೇ ಬಣ್ಣದ ಏಳೆಂಟು ಗೆಡ್ಡೆಗಳನ್ನು ನೀರು ನಿಲ್ಲದ ಬಿಸಿಲಿನ ಜಾಗದಲ್ಲಿ, ಸುಮಾರು 10 ಸೆಂಟಿಮೀಟರ್ ಅಂತರದಲ್ಲಿ, 10ರಿಂದ 15 ಸೆಂಟಿಮೀಟರ್ ಆಳಕ್ಕೆ ನೆಡಿ. ಎರಡನೆಯ ವರ್ಷ ಹೂಗೊಂಚಲು ತೆಳ್ಳಗಾಗುತ್ತದೆ, ಬಣ್ಣ ಬದಲಾಗುವುದಿಲ್ಲ.

ನೆಡುವಾಗ ಕೈಗವಸು ಇರಲಿ. ಸುವರ್ಣಗೆಡ್ಡೆ ಹೆಚ್ಚುವಾಗ ಕೈ ತುರಿಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇದರಲ್ಲಿಯೂ ಇವೆ. ತಿಂದರೆ ವಿಷ, ನೋಡಲು ಈರುಳ್ಳಿಯಂತೆಯೇ ಇರುವುದರಿಂದ ಅಡುಗೆಮನೆಯ ಹತ್ತಿರ ಇಡಬಾರದು.

ಊರಿಗೆ ಹೋಗುವಾಗ ಬಸವನಗುಡಿಯ ಅತ್ತೆಗೆಂದು ಗೆಡ್ಡೆಗಳನ್ನು ಸೂಟ್‌ಕೇಸಿನಲ್ಲಿ ಒಯ್ಯಬೇಡಿ. ಭಾರತದ ಸಸ್ಯ ಸಂಪರ್ಕತಡೆ ನಿಯಮಗಳ ಪ್ರಕಾರ ಅದಕ್ಕೆ ಅನುಮತಿ ಪತ್ರಗಳು ಬೇಕು. ಅವು ದೊರೆತರೂ, ಹೂ ಬಿಡಲು ಬೇಕಾದ ಹತ್ತು-ಹನ್ನೆರಡು ವಾರಗಳ ಚಳಿಯನ್ನು ಬೆಂಗಳೂರಿನ ಡಿಸೆಂಬರ್ ಕೊಡಲಾರದು, ಅತ್ತೆ ಅವನ್ನು ಫ್ರಿಜ್ಜಿನಲ್ಲಿಯೇ ಇಟ್ಟುಕೊಂಡಿರಬೇಕಾಗುತ್ತದೆ.