ಸಣ್ಣ ಬೋಟಿಗೆ ಹೀಟರ್ ಕೂರಿಸುವಾಗ ಮೊದಲು ಹೊಗೆಯ ದಾರಿ ನೋಡಿ

ಹೀಟರ್ ಕೊಳ್ಳುವ ಮುಂಚೆ ಅಳತೆ ಟೇಪು, ಒಂದು ಮಾರ್ಕರ್ ಪೆನ್ನು ಹಿಡಿದು ಬೋಟಿನ ಹಿಂಭಾಗದಲ್ಲಿ ಸಾಮಾನು ಇಡುವ ಲಾಕರ್ ಒಳಗೆ ತಲೆ ಹಾಕಿ. ಹೊಗೆ ಎಲ್ಲಿಂದ ಹೊರಗೆ ಹೋಗಬೇಕು ಅಂತ ಗುರುತು ಮಾಡಿ. ಅದೊಂದು ಜಾಗ ಗಟ್ಟಿಯಾದರೆ ಹೀಟರ್ ಎಲ್ಲಿ ಕೂರಬೇಕು, ಬಿಸಿಗಾಳಿ ಪೈಪು ಎಲ್ಲಿ ಹಾಯಬೇಕು ಅನ್ನೋದು ತಾನಾಗಿ ತೀರ್ಮಾನ ಆಗುತ್ತದೆ. ಮೊದಲೇ ಹೀಟರ್ ಕೂರಿಸಿ, ಆಮೇಲೆ ಹೊಗೆಗೆ ದಾರಿ ಹುಡುಕುತ್ತಾ ಹೋದರೆ ಪೈಪು ಇಕ್ಕಟ್ಟಿನಲ್ಲಿ ಬಾಗಿ, ಮರಕ್ಕೆ, ವೈರಿಗೆ ತಾಗಿಕೊಂಡು ಹೋಗುತ್ತದೆ. ಅಪಾಯ ಹುಟ್ಟುವುದೇ ಅಲ್ಲಿ.

ನನ್ನದು ಆರೂವರೆ ಮೀಟರ್ ಉದ್ದದ ಡೀಸೆಲ್ ಬೋಟು. ಕ್ಯಾಬಿನ್‌ನಲ್ಲಿ ನೆಟ್ಟಗೆ ನಿಲ್ಲೋಕೆ ಆಗುವುದಿಲ್ಲ, ಆದರೆ ಮೂವರು ಮಲಗಬಹುದು. ಇಷ್ಟು ಜಾಗಕ್ಕೆ 2 ಕಿಲೋವ್ಯಾಟ್‌ನ ಡೀಸೆಲ್ ಬಿಸಿಗಾಳಿ ಹೀಟರ್ ಧಾರಾಳ ಸಾಕು. ಇರಲಿ ಅಂತ 5 ಕಿಲೋವ್ಯಾಟ್‌ನದು ಹಾಕಬೇಡಿ. ದೊಡ್ಡ ಹೀಟರ್ ಸಣ್ಣ ಕ್ಯಾಬಿನ್‌ನಲ್ಲಿ ಯಾವಾಗಲೂ ಮಂದ ಉರಿಯಲ್ಲೇ ಓಡುತ್ತದೆ, ಒಳಗೆ ಮಸಿ ಕಟ್ಟುತ್ತದೆ.

ಕರೆಂಟ್ ಹೀಟರ್ ಸಾಲದಾ ಅಂತ ಕೇಳುವವರು ಲೆಕ್ಕ ಹಾಕಿ ನೋಡಿ. 1500 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 125 ಆಂಪಿಯರ್. 100 ಆಂಪಿಯರ್-ಅವರ್ ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ. ದಡದ ಕರೆಂಟ್ ಇದ್ದರೆ ಮಾತ್ರ ಅದು ಸರಿ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರನ್ನಂತೂ ಕ್ಯಾಬಿನ್ ಒಳಗೆ ತರಲೇಬೇಡಿ. ಅದು ನೀವು ಉಸಿರಾಡುವ ಗಾಳಿಯನ್ನೇ ತಿನ್ನುತ್ತದೆ. ಜೊತೆಗೆ ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗೂ ಜಾಸ್ತಿ ನೀರು ಹಬೆಯಾಗಿ ಕ್ಯಾಬಿನ್‌ಗೇ ಸೇರುತ್ತದೆ. ಬೆಳಿಗ್ಗೆ ಹಾಸಿಗೆಯೆಲ್ಲ ಒದ್ದೆ.

ಪೆಟ್ರೋಲ್ ಎಂಜಿನ್ ಇರುವವರಿಗೆ ಇಲ್ಲೇ ಒಂದು ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ. ಎಂಜಿನ್ ಅಥವಾ ಪೆಟ್ರೋಲ್ ಟ್ಯಾಂಕ್ ಇರುವ ಕಡೆ ಹೀಟರ್ ಇಡಲೇಬಾರದು, ಉರಿಗೆ ಬೇಕಾದ ಗಾಳಿಯನ್ನೂ ಅಲ್ಲಿಂದ ಎಳೆಯಬಾರದು.

ಈಗ ಹೊಗೆ ಪೈಪಿಗೆ ಬರೋಣ. ಕಿಟ್ ಬಿಚ್ಚಿದ ಕೂಡಲೇ ಸೈಲೆನ್ಸರ್ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಅಡಿಯಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇದ್ದರೆ ಅದು ಲಾರಿ, ವ್ಯಾನಿಗೆ ಮಾಡಿದ್ದು. ಅಲ್ಲಿ ಅದು ಗಾಡಿಯ ಕೆಳಗೆ ಬಯಲಲ್ಲಿ ಇರುತ್ತದೆ, ನೀರು ಇಳಿಯಲಿ ಅಂತ ತೂತು ಬಿಟ್ಟಿರುತ್ತಾರೆ. ಬೋಟಿನಲ್ಲಿ ಅದೇ ಸೈಲೆನ್ಸರ್ ಲಾಕರ್ ಒಳಗೆ ಇರುತ್ತದೆ, ಅಲ್ವಾ? ಆ ತೂತಿನಿಂದ, ಮಡಚಿ ಸೇರಿಸಿದ ಅಂಚಿನಿಂದ ವಿಷಗಾಳಿ ಸೀದಾ ಒಳಗೆ ಬರುತ್ತದೆ. ಬೋಟಿಗೆಂದೇ ಮಾಡಿದ, ಪೂರ್ತಿ ಬೆಸುಗೆ ಹಾಕಿದ ಸೈಲೆನ್ಸರ್, ಗಾಳಿ ಸೋರದ ಸ್ಟೇನ್‌ಲೆಸ್ ಸ್ಟೀಲ್ ಪೈಪು ಬೇರೆಯಾಗಿ ತರಿಸಿ. ಉಳಿದ ಎಲ್ಲದರಲ್ಲಿ ಉಳಿತಾಯ ಮಾಡಬಹುದು, ಇದರಲ್ಲಿ ಬೇಡ.

ಪೈಪು ಹೀಟರಿನಿಂದ ಹೊರಟು ಮೇಲೇರಬೇಕು, ಹಂಸದ ಕತ್ತಿನ ಹಾಗೆ ಬಾಗಬೇಕು, ಅಲ್ಲಿಂದ ಇಳಿಜಾರಾಗಿ ಹೊರಗಿನ ತೂತಿಗೆ ಬರಬೇಕು. ಆಗ ಅಲೆ ಹೊಡೆದರೂ ನೀರು ಹೀಟರ್ ತನಕ ಹೋಗುವುದಿಲ್ಲ. ಎಲ್ಲರೂ ಒಂದೇ ಕಡೆ ಕೂತು ಬೋಟು ವಾಲಿದಾಗಲೂ ಆ ತೂತು ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು. ಕಿಟಕಿ, ಹ್ಯಾಚ್ (ಮೇಲಿನ ಮುಚ್ಚಳದ ಬಾಗಿಲು), ಗಾಳಿ ಎಳೆಯುವ ಬಾಯಿ ಯಾವುದೂ ಹತ್ತಿರ ಇರಬಾರದು. ಈ ಪೈಪು ನೂರಾರು ಡಿಗ್ರಿ ಕಾಯುತ್ತದೆ. ಉದ್ದಕ್ಕೂ ಶಾಖನಿರೋಧಕ ಬಟ್ಟೆ ಸುತ್ತಿ. ಫೈಬರ್ ಗೋಡೆ ದಾಟುವ ಕಡೆ ಎರಡು ಪದರದ ಸ್ಟೀಲ್ ಫಿಟ್ಟಿಂಗ್ ಹಾಕಿ. ಜೋಡಣೆಗಳಿಗೆ ಎಕ್ಸಾಸ್ಟ್ ಪೇಸ್ಟ್ ಹಚ್ಚಿ ಕ್ಲಾಂಪ್ ಬಿಗಿ ಮಾಡಿ. ಸಾಮಾನ್ಯ ಸಿಲಿಕೋನ್ ಆ ಶಾಖಕ್ಕೆ ತಡೆಯುವುದಿಲ್ಲ.

ಡೀಸೆಲ್ಲಿಗೆ ಟ್ಯಾಂಕಿನಲ್ಲಿ ಬೇರೆಯೇ ಒಂದು ಕಡ್ಡಿ ಪೈಪು ಇಳಿಸಿ. ಅದು ತಳ ಮುಟ್ಟುವುದು ಬೇಡ. ತಳದ ಕೊಳೆ ಹೀಟರಿಗೆ ಬರುವುದಿಲ್ಲ, ರಾತ್ರಿಯಿಡೀ ಓಡಿದರೂ ಎಂಜಿನ್‌ಗೆ ಡೀಸೆಲ್ ಉಳಿದಿರುತ್ತದೆ. ಖರ್ಚು ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು ಕಾಲು ಲೀಟರ್. ಪಂಪ್ ಮಲಗಿಸಿ ಇಡಬೇಡಿ, ಹೊರಬಾಯಿ ಮೇಲಕ್ಕೆ ಬರುವ ಹಾಗೆ ಓರೆಯಾಗಿ ಕೂರಿಸಿ, ಗಾಳಿಗುಳ್ಳೆ ನಿಲ್ಲುವುದಿಲ್ಲ. ಕೆಳಗೆ ರಬ್ಬರ್ ಹಾಕದಿದ್ದರೆ ಆ ಟಿಕ್ ಟಿಕ್ ಸದ್ದು ನಿದ್ದೆಗೆಡಿಸುತ್ತದೆ.

ವೈರು ದಪ್ಪ ಇರಲಿ. ಹೊತ್ತಿಕೊಳ್ಳುವಾಗ ಕೆಲವು ನಿಮಿಷ ಸುಮಾರು 10 ಆಂಪಿಯರ್ ಎಳೆಯುತ್ತದೆ, ಆಮೇಲೆ 1ರಿಂದ 3. ವೈರು ತೆಳ್ಳಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಬಿದ್ದು ಹೀಟರ್ ಸ್ಟಾರ್ಟೇ ಆಗುವುದಿಲ್ಲ, ಜನ ಸುಮ್ನೆ ಹೀಟರನ್ನೇ ಬೈಯುತ್ತಾರೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡಿ ಒಳಗನ್ನು ತಣಿಸುತ್ತದೆ. ಅದು ನಿಲ್ಲುವ ತನಕ ಮೇನ್ ಸ್ವಿಚ್ ಮುಟ್ಟಬೇಡಿ.

ಬಿಸಿಗಾಳಿ ಪೈಪು ಆದಷ್ಟು ಗಿಡ್ಡ, ಆದಷ್ಟು ನೇರ. ಒಂದು ಬಾಯಿಯನ್ನಾದರೂ ಮುಚ್ಚಲು ಆಗದಂಥದ್ದು ಇಡಿ, ಎಲ್ಲ ಮುಚ್ಚಿದರೆ ಹೀಟರ್ ಅತಿಯಾಗಿ ಕಾಯುತ್ತದೆ. ಬಿಸಿ ಮಾಡುವ ಗಾಳಿಯನ್ನು ನಾನು ಹೊರಗಿನಿಂದಲೇ ಎಳೆಯುತ್ತೇನೆ, ಹೊಗೆಬಾಯಿಯಿಂದ ದೂರದಲ್ಲಿ. ಕ್ಯಾಬಿನ್ ಬೆಚ್ಚಗಾಗುವುದು ನಿಧಾನ, ಆದರೆ ಒಳಗಿನ ತೇವ ಹೊರಗೆ ಹೋಗುತ್ತದೆ.

ಇನ್ನು ಕಾರ್ಬನ್ ಮಾನಾಕ್ಸೈಡ್ ಅಲಾರಂ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಎಚ್ಚರ ಇದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ, ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಬೋಟಿಗೆ ಹೊಂದುವ ಅಲಾರಂ ಮೇಲೆ ಇಎನ್ 50291-2 ಅಂತ ಯುರೋಪಿನ ಗುಣಮಟ್ಟದ ಸಂಖ್ಯೆ ಇರುತ್ತದೆ. ನನ್ನ ಮಗಳು ಮುಂದಿನ ಬರ್ತ್‌ನಲ್ಲಿ ಮಲಗುತ್ತಾಳೆ. ಅಲಾರಂ ಇರುವುದು ಅವಳ ತಲೆಯ ಮಟ್ಟದಲ್ಲಿ, ಅಲ್ಲೇ ಗೋಡೆಗೆ. ಹೊರಡುವ ಮುಂಚೆ ಪ್ರತಿ ಸಲ ಅವಳೇ ಅದರ ಗುಂಡಿ ಒತ್ತಿ ಸದ್ದು ಕೇಳಿಸಿಕೊಳ್ಳುತ್ತಾಳೆ. ಅಲಾರಂ ಕೂಗಿದರೆ ಎಲ್ಲರೂ ಮೊದಲು ಹೊರಗೆ ಬನ್ನಿ, ಕಾರಣ ಆಮೇಲೆ ಹುಡುಕಿ.

ಮೊದಲ ಸಲ ಓಡಿಸುವಾಗ ಹ್ಯಾಚ್‌ಗಳನ್ನೆಲ್ಲ ತೆರೆದಿಡಿ. ಪೈಪಿಗೆ ಡೀಸೆಲ್ ತುಂಬಿಕೊಳ್ಳುವ ತನಕ ಒಂದೆರಡು ಸಲ ಸ್ಟಾರ್ಟ್ ಆಗದೆ ನಿಲ್ಲಬಹುದು. ಶುರುವಿನಲ್ಲಿ ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಪೂರ್ತಿ ಉರಿಯಲ್ಲಿ ಒಂದು ಗಂಟೆ ಬಿಡಿ, ಅಷ್ಟು ಹೊತ್ತೂ ಇನ್ನೊಂದು ಅಲಾರಂ ಅನ್ನು ಹೀಟರ್ ಇರುವ ಲಾಕರ್ ಒಳಗೇ ಇಟ್ಟು ಮುಚ್ಚಳ ಹಾಕಿ. ಅದು ಸುಮ್ಮನಿದ್ದರೆ ಮಾತ್ರ ರಾತ್ರಿ ಮಲಗುವ ಯೋಚನೆ ಮಾಡಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಪೂರ್ತಿ ಉರಿಯಲ್ಲಿ ಓಡಿಸಿ, ಪಂಪ್ ಜಾಮ್ ಆಗುವುದಿಲ್ಲ. ವರ್ಷಕ್ಕೊಮ್ಮೆ ಹೊಗೆ ಪೈಪಿನ ಬಟ್ಟೆ ಬಿಚ್ಚಿ ಪ್ರತಿ ಜೋಡಣೆಯನ್ನೂ ಟಾರ್ಚ್ ಬಿಟ್ಟು ನೋಡಿ. ಕಪ್ಪು ಮಸಿಯ ಗೆರೆ ಕಂಡ ಕಡೆ ಸೋರಿಕೆ ಇದೆ.