ಬಿಚ್ಚಿದ ಬೇರಿಂಗನ್ನು ಗುಜರಿಗೆ ಹಾಕುವ ಮುನ್ನ

ನನ್ನ ನಿರ್ವಹಣೆಯಲ್ಲಿದ್ದ ಒಂದು ದೊಡ್ಡ ಫ್ಯಾನಿನ ಮೋಟರಿನಲ್ಲಿ 6312 ಮಾದರಿಯ ಬಾಲ್ ಬೇರಿಂಗು ಕೆಲವು ತಿಂಗಳಿಗೊಮ್ಮೆ ಸದ್ದು ಮಾಡತೊಡಗುತ್ತಿತ್ತು. ಪ್ರತಿ ಸಲವೂ ಹಳೆಯದನ್ನು ಗುಜರಿಗೆ ಹಾಕಿ, ಹೊಸದನ್ನು ಕೂರಿಸಿ, ಯಂತ್ರವನ್ನು ಮತ್ತೆ ಓಡಿಸುತ್ತಿದ್ದೆವು. ಕಂಪನ ಮಾಪನದಿಂದ ಹಾನಿ ಔಟರ್ ರೇಸಿನಲ್ಲಿದೆ, ಅಂದರೆ ಹೊರ ಉಂಗುರದಲ್ಲಿ ಬಾಲುಗಳು ಓಡುವ ಹಾದಿಯಲ್ಲಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು, ಕಾರಣ ತಿಳಿಯುತ್ತಿರಲಿಲ್ಲ.

ಗ್ರೀಸ್ ಸಾಲುತ್ತಿಲ್ಲವೆಂದು ಭಾವಿಸಿ ಅಳತೆಯಿಲ್ಲದೆ ತುಂಬಿಸಿದ್ದು ನನ್ನ ಮೊದಲ ತಪ್ಪು. ಅದರಿಂದ ಬೇರಿಂಗು ಇನ್ನಷ್ಟು ಬಿಸಿಯಾಯಿತು. ಹೊರವ್ಯಾಸ 130 ಮಿ.ಮೀ., ಅಗಲ 31 ಮಿ.ಮೀ.; ಇವೆರಡರ ಗುಣಲಬ್ಧವನ್ನು 0.005ರಿಂದ ಗುಣಿಸಿದರೆ ಮರುಪೂರಣಕ್ಕೆ ಬೇಕಾದದ್ದು ಸುಮಾರು 20 ಗ್ರಾಂ. ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಹೊರಹಾಕುತ್ತದೆ ಎಂದು ತೂಗಿ ನೋಡಿದ ಮೇಲೆ ಬಿಸಿ ಇಳಿಯಿತು, ಆದರೆ ಸದ್ದು ಮರಳಿ ಬಂತು.

ಮುಂದಿನ ಸಲ ಬಿಚ್ಚುವ ಮೊದಲೇ ಔಟರ್ ರಿಂಗಿನ ಮೇಲ್ಭಾಗಕ್ಕೆ ಬಣ್ಣದ ಗುರುತು ಹಾಕಿದೆ, ಗ್ರೀಸನ್ನು ತೆಗೆದಿರಿಸಿದೆ, ಬೇರಿಂಗನ್ನು ಎಳೆದು ತೆಗೆಯುವ ಪುಲ್ಲರನ್ನು ಶಾಫ್ಟಿಗೆ ಬಿಗಿಯಾಗಿ ಕೂತಿರುವ ಇನ್ನರ್ ರಿಂಗಿಗೇ ಸಿಕ್ಕಿಸಿದೆ. ಔಟರ್ ರಿಂಗನ್ನು ಹಿಡಿದು ಎಳೆದರೆ ಬಾಲುಗಳ ಒತ್ತುಗುರುತು ರೇಸಿನ ಮೇಲೆ ಬಿದ್ದು, ನಾವೇ ಮಾಡಿದ ಗಾಯವನ್ನು ಮೂಲದೋಷವೆಂದು ತಿಳಿಯುವ ಅಪಾಯವಿದೆ. ರಿಂಗನ್ನು ಕತ್ತರಿಸಿ ತೊಳೆದು ನೋಡಿದಾಗ, ಭಾರ ಬೀಳುವ ಕೆಳಭಾಗದಲ್ಲಿ ಬಾಲು ಓಡಿದ ಹಾದಿಗೆ ಅಡ್ಡವಾಗಿ, ಸಮಾನ ಅಂತರದಲ್ಲಿ ಒತ್ತೊತ್ತಾಗಿ ಬೂದುಬಣ್ಣದ ಗೆರೆಗಳು ಮೂಡಿದ್ದವು. ಶಾಫ್ಟಿನ ಅಲೈನ್‌ಮೆಂಟ್ (ನೇರ ಜೋಡಣೆ) ತಪ್ಪಿದ್ದರೆ ಆ ಹಾದಿಯೇ ಓರೆಯಾಗಿರುತ್ತಿತ್ತು. ಧೂಳು ಸೇರಿದ್ದರೆ ಚುಕ್ಕಿಗಳು ಎಲ್ಲೆಂದರಲ್ಲಿ ಚದುರಿರುತ್ತಿದ್ದವು. ಗ್ರೀಸ್ ಕೂಡ ಕಪ್ಪಾಗಿತ್ತು.

ಅದು ವಿದ್ಯುತ್ತಿನ ಕೆಲಸವಾಗಿತ್ತು. ವಿಎಫ್‌ಡಿಯಿಂದ (ಮೋಟರಿನ ವೇಗವನ್ನು ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಓಡುವ ಮೋಟರಿನ ಶಾಫ್ಟಿನಲ್ಲಿ ವೋಲ್ಟೇಜ್ ಕೂಡಿಕೊಂಡು, ಬಾಲು ಮತ್ತು ರೇಸಿನ ನಡುವಿನ ಗ್ರೀಸಿನ ತೆಳುಪದರವನ್ನು ಸೀಳಿ, ಕಿಡಿಯಾಗಿ ಹರಿದು, ಲೋಹವನ್ನು ಸೂಕ್ಷ್ಮವಾಗಿ ಕರಗಿಸುತ್ತದೆ. ಫ್ಯಾನಿನ ಎದುರು ತುದಿಗೆ ವಿದ್ಯುತ್ ಹರಿಯಲು ಬಿಡದ ಇನ್ಸುಲೇಟೆಡ್ ಬೇರಿಂಗು, ಫ್ಯಾನಿನ ಕಡೆಗೆ ಶಾಫ್ಟಿನ ವೋಲ್ಟೇಜನ್ನು ನೇರವಾಗಿ ಅರ್ಥಿಗೆ ಇಳಿಸುವ ಶಾಫ್ಟ್ ಅರ್ಥಿಂಗ್ ರಿಂಗು ಹಾಕಿಸಿದೆ. ಒಂದೇ ತುದಿಯನ್ನು ಇನ್ಸುಲೇಟ್ ಮಾಡಿದರೆ ಶಾಫ್ಟ್ ಮತ್ತು ಮೋಟರಿನ ಹೊರಕವಚದ ಮೂಲಕ ಸುತ್ತುವ ವಿದ್ಯುತ್ ಪ್ರವಾಹ ನಿಲ್ಲುತ್ತದೆ, ಆದರೆ ಇನ್ನೊಂದು ತುದಿಯ ಬೇರಿಂಗಿನ ಮೂಲಕ ಕಿಡಿ ಹಾರುವುದು ತಪ್ಪುವುದಿಲ್ಲ. ಆದ್ದರಿಂದ ಎರಡೂ ಬೇಕಾದವು. ಡ್ರೈವಿನಿಂದ ಮೋಟರಿಗೆ ಬರುವ ಕೇಬಲಿನ ಶೀಲ್ಡು ಎರಡೂ ತುದಿಗಳಲ್ಲಿ ಅರ್ಥ್ ಆಗಿದೆಯೇ ಎಂದೂ ಪರಿಶೀಲಿಸಿದೆವು.

ಇದೇ ಹೊತ್ತಿಗೆ, ಸುತ್ತಿಗೆಯಿಂದ ಬಡಿದು ಕೂರಿಸುವ ಅಭ್ಯಾಸವನ್ನು ಬಿಡಿಸಿ, ಬೇರಿಂಗನ್ನು ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕೂರಿಸುವುದನ್ನು ಕಡ್ಡಾಯ ಮಾಡಿದೆ.

ಮುಂದಿನ ವಾರ್ಷಿಕ ನಿಲುಗಡೆಯಲ್ಲಿ ಅದೇ ಮೋಟರನ್ನು ಬಿಚ್ಚಿದಾಗ, ರೇಸಿನ ಮೇಲೆ ಬಾಲು ಓಡಿದ ಮಂಕು ಪಟ್ಟಿಯೊಂದೇ ಕಂಡಿತು, ಅಡ್ಡಗೆರೆಗಳಿರಲಿಲ್ಲ.